ವಿಗನ್–ಸೇಂಟ್ ಹೆಲೆನ್ಸ್ ಡರ್ಬಿ: ಪಂದ್ಯಕ್ಕೆ ಮೊದಲೇ ಬಲಾಬಲ ತೂಗುವ ಬಗೆ

ಇಂಗ್ಲೆಂಡಿನ ಅಕ್ಕಪಕ್ಕದ ಊರುಗಳ ರಗ್ಬಿ ಲೀಗ್ ತಂಡಗಳಾದ ವಿಗನ್ ಮತ್ತು ಸೇಂಟ್ ಹೆಲೆನ್ಸ್ (ಸೇಂಟ್ಸ್) ಎದುರುಬದುರಾಗುವ ವಾರ ಬಂತೆಂದರೆ ಅಭಿಮಾನಿಗಳ ವಾದ ಸಾಮಾನ್ಯವಾಗಿ ಅಂಚಿನಲ್ಲಿ ಓಡುವ ವಿಂಗರ್‌ಗಳಿಂದ ಶುರುವಾಗುತ್ತದೆ. ಯಾರು ಎಷ್ಟು ಟ್ರೈ (ಚೆಂಡನ್ನು ಎದುರಾಳಿಯ ಗೆರೆಯಾಚೆ ನೆಲಕ್ಕೂರುವುದು) ಹೊಡೆದರು, ಯಾರ ಓಟ ಜೋರು, ಹೋದ ಸಲ ಯಾರು ಯಾರನ್ನು ಬಗ್ಗುಬಡಿದರು ಎನ್ನುವುದರಲ್ಲೇ ಸಂಜೆ ಕಳೆದುಹೋಗುತ್ತದೆ. ವಿಂಗರ್ ಕೈಗೆ ಚೆಂಡು ಬರುವ ಹೊತ್ತಿಗೆ ಅರ್ಧ ತೀರ್ಮಾನ ಆಗಿಯೇ ಇರುತ್ತದೆ. ಆ ತೀರ್ಮಾನ ಆಗುವುದು ಮೈದಾನದ ನಡುವೆ, ಇಬ್ಬರು ಪ್ರಾಪ್, ಒಬ್ಬ ಹುಕರ್, ಒಬ್ಬ ಲೂಸ್ ಫಾರ್ವರ್ಡ್, ಹೀಗೆ ಫಾರ್ವರ್ಡ್ ಎನಿಸಿಕೊಂಡ ಮುಂಚೂಣಿಯವರು ಮೈಕೈ ನೋಯಿಸಿಕೊಳ್ಳುವ ಜಾಗದಲ್ಲಿ. ಹಾಗಾಗಿ ಈ ಪಂದ್ಯವನ್ನು ತೂಗಬೇಕಾದರೆ ನಡುವಿನಿಂದ ಹಿಡಿದು ಅಂಚಿನ ಕಡೆಗೆ ಹೋಗಬೇಕು. ಆ ಕ್ರಮ ತಪ್ಪಿದರೆ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

ಆಟ ಹೊಸದಾಗಿ ನೋಡುವವರಿಗೆ ಎರಡು ಮಾತು. ರಗ್ಬಿ ಲೀಗ್‌ನಲ್ಲಿ ಒಂದು ಕಡೆ 13 ಜನ, ಅವಧಿ 80 ನಿಮಿಷ. ಚೆಂಡು ಸಿಕ್ಕ ತಂಡಕ್ಕೆ ಆರು ಟ್ಯಾಕಲ್‌ಗಳ (ಚೆಂಡು ಹಿಡಿದವನನ್ನು ಎದುರಾಳಿ ಕೆಡವುವುದು) ಒಂದು ಸೆಟ್. ಅಷ್ಟರಲ್ಲಿ ಟ್ರೈ ಆಗದಿದ್ದರೆ ಐದನೇ ಟ್ಯಾಕಲ್ ಆದ ಮೇಲೆ ಸಾಮಾನ್ಯವಾಗಿ ಕಿಕ್ ಹೊಡೆದು ಚೆಂಡು ಬಿಟ್ಟುಕೊಡುತ್ತಾರೆ. ಟ್ರೈಗೆ 4 ಪಾಯಿಂಟ್, ಅದರ ನಂತರದ ಕಿಕ್ ಆದ ಕನ್ವರ್ಷನ್‌ಗೆ 2, ಪೆನಾಲ್ಟಿ ಗೋಲ್‌ಗೆ 2, ಆಟದ ನಡುವೆ ಚೆಂಡನ್ನು ನೆಲಕ್ಕೆ ಬಿಟ್ಟು ಒದೆಯುವ ಡ್ರಾಪ್ ಗೋಲ್‌ಗೆ 1. ಬೆಂಚಿನಿಂದ ನಾಲ್ವರನ್ನು ಇಳಿಸಬಹುದು, ಒಟ್ಟು ಎಂಟು ಇಂಟರ್‌ಚೇಂಜ್ (ಆಟಗಾರರ ಬದಲಾವಣೆ; ಹೊರಬಂದವನು ಮರಳಬಹುದು). ಈ ತಂಡಗಳು ಆಡುವ ಸೂಪರ್ ಲೀಗ್‌ನಲ್ಲಿ 2019ಕ್ಕೆ ಮೊದಲು ಅದು ಹತ್ತಿತ್ತು. ಆ ಎರಡು ಕಡಿಮೆಯಾದದ್ದು ಸಣ್ಣ ಬದಲಾವಣೆ ಎಂದು ತಳ್ಳಿಹಾಕಬೇಡಿ.

ನಡುವಿನ 240 ನಿಮಿಷ

ಕಾಗದ ತೆಗೆದುಕೊಂಡು ಮೊದಲು ಬರೆಯಬೇಕಾದ ಲೆಕ್ಕ ಇದು. ಎರಡು ಪ್ರಾಪ್, ಒಂದು ಲೂಸ್ ಫಾರ್ವರ್ಡ್, ಹೀಗೆ ಮೂರು ಜಾಗ. ಪ್ರತಿ ಜಾಗಕ್ಕೆ 80 ನಿಮಿಷ. ಒಟ್ಟು 240 ನಿಮಿಷದ ಕತ್ತೆ ದುಡಿಮೆ. ಇದನ್ನು ಎಷ್ಟು ಜನ ಹಂಚಿಕೊಳ್ಳುತ್ತಾರೆ? ಬೆಂಚಿನಲ್ಲಿ ಮೂವರು ಫಾರ್ವರ್ಡ್ ಇದ್ದರೆ ಆರು ಜನ, ಅಂದರೆ ತಲೆಗೆ 40 ನಿಮಿಷ. ಕೋಚ್ ಒಬ್ಬ ಫಾರ್ವರ್ಡ್ ಬಿಟ್ಟು ಹೆಚ್ಚುವರಿ ಬ್ಯಾಕ್ (ಹಿಂದೆ, ಅಂಚಿನ ಕಡೆ ಆಡುವ) ಆಟಗಾರನನ್ನು ಬೆಂಚಿಗೆ ಹಾಕಿದ್ದರೆ ಐದೇ ಜನ, ತಲೆಗೆ 48. ಕಾಗದದ ಮೇಲೆ ಎಂಟು ನಿಮಿಷದ ವ್ಯತ್ಯಾಸ, ಮೈದಾನದಲ್ಲಿ ಅದು 70ನೇ ನಿಮಿಷದ ಒಂದು ತಪ್ಪಿದ ಟ್ಯಾಕಲ್.

ಇಂಟರ್‌ಚೇಂಜ್‌ಗಳನ್ನೂ ಹೀಗೇ ಹರಡಿ ನೋಡಿ. 22ನೇ ನಿಮಿಷಕ್ಕೆ ಇಬ್ಬರು ಪ್ರಾಪ್‌ಗಳು ಹೊರಗೆ, ಎರಡು ಖರ್ಚು. 28ಕ್ಕೆ ಲೂಸ್ ಫಾರ್ವರ್ಡ್ ಹೊರಗೆ, ಮೂರು. 30ಕ್ಕೆ ಹುಕರ್ ಬದಲು, ನಾಲ್ಕು. ದ್ವಿತೀಯಾರ್ಧದಲ್ಲಿ 50ನೇ ನಿಮಿಷಕ್ಕೆ ಮೊದಲಿನ ಪ್ರಾಪ್‌ಗಳು ವಾಪಸ್, ಆರು. 55ಕ್ಕೆ ಲೂಸ್ ಫಾರ್ವರ್ಡ್ ವಾಪಸ್, ಏಳು. ಕೈಯಲ್ಲಿ ಉಳಿದದ್ದು ಒಂದೇ. ಯಾವ ಅವಘಡವೂ ಆಗದಿದ್ದಾಗಿನ ಯೋಜನೆ ಇದು. ಈಗ ಬೆಂಚಿನಿಂದ ಬಂದ ಪ್ರಾಪ್ ಒಬ್ಬ 35ನೇ ನಿಮಿಷದಲ್ಲಿ ಮೊಣಕಾಲು ಹಿಡಿದುಕೊಂಡು ಕೂತ ಎಂದುಕೊಳ್ಳಿ. 28 ನಿಮಿಷ ವಿರಾಮ ಪಡೆಯಬೇಕಿದ್ದ ಮೊದಲ ಪ್ರಾಪ್ 13 ನಿಮಿಷಕ್ಕೇ ಎದ್ದು ಬರಬೇಕು. ಆಮೇಲೆ ಉಳಿದಿರುವುದು 45 ನಿಮಿಷ. ಅವನನ್ನು ಉಸಿರಾಡಿಸಲು ಕೋಚ್ ಆ ಕೊನೆಯ ಇಂಟರ್‌ಚೇಂಜ್ ಬಳಸಿದರೆ ಬೇರೆ ಯಾರಿಗೆ ಪೆಟ್ಟಾದರೂ ದಾರಿಯಿಲ್ಲ.

ಆದ್ದರಿಂದ ಎರಡೂ ತಂಡದ ಹಿಂದಿನ ಮೂರು ಪಂದ್ಯ ತೆಗೆದು ನೋಡಿ: ಯಾವ ಪ್ರಾಪ್ ಯಾವ ನಿಮಿಷಕ್ಕೆ ಹೊರಬಂದ, ಯಾವಾಗ ಮರಳಿದ, ಒಟ್ಟು ಎಷ್ಟು ಆಡಿದ. ಮೂರು ವಾರದಿಂದ 60 ನಿಮಿಷ ಎಳೆಯುತ್ತಿರುವ ಪ್ರಾಪ್ ಇರುವ ತಂಡವನ್ನು ಗೆಲ್ಲುವ ಕುದುರೆ ಎಂದು ಹೇಳುವ ಮುನ್ನ ಎರಡು ಸಲ ಯೋಚಿಸಿ. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು, ಓಡಿದ ಒಟ್ಟು ಮೀಟರ್ ಮಾತ್ರ ನೋಡುವುದು. 150 ಮೀಟರ್ ಓಡಿದವನು ಅದನ್ನು 50 ನಿಮಿಷದಲ್ಲಿ ಓಡಿದನೋ 75 ನಿಮಿಷದಲ್ಲೋ ಎಂಬುದೇ ಮುಖ್ಯ.

ರಕ್‌ಗೆ ಸ್ಟಾಪ್‌ವಾಚ್ ಹಿಡಿಯುವುದು

ಒಂದು ಟ್ಯಾಕಲ್ ಅನ್ನು ಹತ್ತಿರದಿಂದ ನೋಡಿ. ಚೆಂಡು ಹಿಡಿದವನ ಮೇಲೆ ಮೂವರು ಬೀಳುತ್ತಾರೆ. ಒಬ್ಬ ಕಾಲು ಕಟ್ಟುತ್ತಾನೆ, ಒಬ್ಬ ಚೆಂಡಿರುವ ತೋಳನ್ನು ಅಮುಕುತ್ತಾನೆ, ಮೂರನೆಯವನು ಅವನನ್ನು ಬೆನ್ನ ಮೇಲೆ ಹೊರಳಿಸಲು ನೋಡುತ್ತಾನೆ. ರೆಫರಿ ಕೂಗಿದ ಕೂಡಲೇ ಮೂವರೂ ಬಿಡಬೇಕು. ಬಿದ್ದವನು ಎದ್ದು, ಚೆಂಡನ್ನು ಪಾದದ ಮುಂದಿಟ್ಟು, ಕಾಲಿನಿಂದ ಹಿಂದಕ್ಕೆ ಉರುಳಿಸುತ್ತಾನೆ. ಇದೇ ಪ್ಲೇ-ದ-ಬಾಲ್; ಇದು ನಡೆಯುವ ಜಾಗವೇ ರಕ್. ಎದುರು ಮಾರ್ಕರ್‌ಗಳಾಗಿ ಇಬ್ಬರು ನಿಲ್ಲಬಹುದು, ಉಳಿದವರೆಲ್ಲ 10 ಮೀಟರ್ ಹಿಂದೆ ಹೋಗಿರಬೇಕು. ಎದೆ ಮೇಲಾಗಿ ಬಿದ್ದವನು ಮೊದಲು ಮಗ್ಗುಲಾಗಿ, ಆಮೇಲೆ ಏಳಬೇಕು. ಮೊಣಕಾಲು ಮೊಣಕೈ ಊರಿ ಬಿದ್ದವನು ಸ್ಪ್ರಿಂಗಿನಂತೆ ಎದ್ದುಬಿಡುತ್ತಾನೆ. ಈ ವ್ಯತ್ಯಾಸ ಅರ್ಧ ಸೆಕೆಂಡ್ ಇರಬಹುದು. ಸೆಕೆಂಡಿಗೆ ಐದು ಮೀಟರ್ ವೇಗದಲ್ಲಿ ಹಿಂದೆ ಸರಿಯುತ್ತಿರುವ ರಕ್ಷಕನಿಗೆ ಅರ್ಧ ಸೆಕೆಂಡ್ ಎಂದರೆ ಎರಡೂವರೆ ಮೀಟರ್. ಅವನು ಇನ್ನೂ ಹಿಮ್ಮಡಿಯ ಮೇಲೆ ಇರುವಾಗಲೇ ಮುಂದಿನ ಓಟಗಾರ ಮೈಮೇಲೆ ಬಂದಿರುತ್ತಾನೆ.

ಅಳೆಯುವ ವಿಧಾನ ಸರಳ. ರೆಫರಿ ಟ್ಯಾಕಲ್ ಮುಗಿಯಿತೆಂದು ಕೂಗಿದಾಗ ಗುಂಡಿ ಒತ್ತಿ, ಚೆಂಡು ಕಾಲಿಗೆ ತಾಗಿ ಉರುಳಿದಾಗ ನಿಲ್ಲಿಸಿ. ಪ್ರತಿ ಪಂದ್ಯದಲ್ಲಿ ಎರಡು ಕಿಂಡಿ ಸಾಕು: 10ರಿಂದ 20ನೇ ನಿಮಿಷ, 60ರಿಂದ 70ನೇ ನಿಮಿಷ. ದಾಳಿ ಮಾಡುವಾಗಿನ ಸರಾಸರಿ ಬೇರೆ, ರಕ್ಷಿಸುವಾಗಿನ ಸರಾಸರಿ ಬೇರೆ ಬರೆದಿಡಿ. 30ಕ್ಕಿಂತ ಕಡಿಮೆ ರಕ್‌ಗಳ ಸರಾಸರಿ ನಂಬಬೇಡಿ. ಬೇರೆಯವರ ಸಂಖ್ಯೆಗೆ ನಿಮ್ಮದನ್ನು ಹೋಲಿಸಲೂ ಹೋಗಬೇಡಿ. ಕೆಲವರು ಮೈ ತಾಗಿದ ಕ್ಷಣದಿಂದ ಎಣಿಸುತ್ತಾರೆ, ಅವರದು ಯಾವಾಗಲೂ ದೊಡ್ಡದಾಗಿರುತ್ತದೆ. ಒಂದೇ ಬೆರಳು, ಒಂದೇ ಅಳತೆ, ಎರಡು ತಂಡ.

ಮೊದಲ ಕಿಂಡಿಗಿಂತ ಎರಡನೆಯದು ಹೆಚ್ಚು ಮಾತಾಡುತ್ತದೆ. 15ನೇ ನಿಮಿಷದಲ್ಲಿ ಎಲ್ಲರೂ ಎದುರಾಳಿಯನ್ನು ಚೆನ್ನಾಗಿಯೇ ಅಮುಕುತ್ತಾರೆ. 65ನೇ ನಿಮಿಷದಲ್ಲೂ ರಕ್ ನಿಧಾನ ಮಾಡಬಲ್ಲ ತಂಡ ಡರ್ಬಿ ಗೆಲ್ಲುವ ತಂಡ. ಆದರೆ ಅದಕ್ಕೆ ಅದು ತೆರುವ ಬೆಲೆಯನ್ನೂ ಎಣಿಸಿ. 2020ರಿಂದ ಸೂಪರ್ ಲೀಗ್‌ನಲ್ಲಿ ರಕ್‌ನಲ್ಲಿ ಅಡ್ಡಿ ಮಾಡಿದರೆ ಟ್ಯಾಕಲ್ ಎಣಿಕೆ ಮತ್ತೆ ಶುರುವಾಗುತ್ತದೆ, ಆಟ ನಿಲ್ಲುವುದಿಲ್ಲ. ಹಿಂದೆ ಪೆನಾಲ್ಟಿ ಸಿಕ್ಕರೆ ಕನಿಷ್ಠ ಉಸಿರಾಡಲು ಅರ್ಧ ನಿಮಿಷ ಇರುತ್ತಿತ್ತು. ಸೆಟ್ ನಾಲ್ಕನೇ ಟ್ಯಾಕಲ್‌ಗೆ ಬಂದಾಗ ಎಣಿಕೆ ಶೂನ್ಯಕ್ಕೆ ಇಳಿದರೆ ರಕ್ಷಕರು ಒಂದೇ ಉಸಿರಿನಲ್ಲಿ ಹತ್ತು ಟ್ಯಾಕಲ್ ಮಾಡಬೇಕು. ಆದ್ದರಿಂದ ರಕ್ ನಿಧಾನಿಸುವ ತಂಡ ಪಂದ್ಯಕ್ಕೆ ಎಷ್ಟು ಸಲ ಹೀಗೆ ಸಿಕ್ಕಿಬೀಳುತ್ತದೆ ಎಂದು ಪಕ್ಕದಲ್ಲೇ ಗುರುತು ಹಾಕಿ.

ಹುಕರ್ ಒಬ್ಬನೇ ಇಲ್ಲದಿದ್ದರೆ

ಒಂದು ಜಾಗ ಖಾಲಿಯಾದರೆ ಏನಾಗುತ್ತದೆ ಎಂಬುದಕ್ಕೆ 1966ರ ಚಾಲೆಂಜ್ ಕಪ್ (ನಾಕೌಟ್ ಟೂರ್ನಿ) ಫೈನಲ್‌ಗಿಂತ ಒಳ್ಳೆಯ ಉದಾಹರಣೆ ಈ ಡರ್ಬಿಯ ಚರಿತ್ರೆಯಲ್ಲೇ ಇಲ್ಲ. ವೆಂಬ್ಲಿಯಲ್ಲಿ 98,536 ಜನ. ವಿಗನ್‌ನ ಹುಕರ್ ಕಾಲಿನ್ ಕ್ಲಾರ್ಕ್ ನಿಷೇಧದಿಂದ ಹೊರಗೆ. ಆಗ ಸ್ಕ್ರಮ್‌ನಲ್ಲಿ (ಎರಡೂ ಕಡೆಯ ಫಾರ್ವರ್ಡ್‌ಗಳು ತಲೆ ಜೋಡಿಸಿ ತಳ್ಳಾಡುವುದು; ಅಲ್ಲಿ ಚೆಂಡನ್ನು ಕಾಲಿನಿಂದ ಸೆಳೆಯುವವನೇ ಹುಕರ್) ಚೆಂಡಿಗಾಗಿ ನಿಜವಾದ ಹೋರಾಟ ಇತ್ತು, ಪೆನಾಲ್ಟಿಯಿಂದ ಚೆಂಡನ್ನು ಗೆರೆಯಾಚೆ ಒದ್ದರೆ ಮುಂದೆ ಸ್ಕ್ರಮ್ ಆಗುತ್ತಿತ್ತು. ಸೇಂಟ್ಸ್ ಬೇಕೆಂದೇ ಆಫ್‌ಸೈಡ್ ಪೆನಾಲ್ಟಿ ಕೊಡುತ್ತ ಹೋಯಿತು; ವಿಗನ್ ಗೆರೆಯಾಚೆ ಒದೆಯಲಿ, ಸ್ಕ್ರಮ್‌ನಲ್ಲಿ ಚೆಂಡು ಹೇಗೂ ನಮ್ಮದೇ ಎಂಬ ಲೆಕ್ಕ. ಸೇಂಟ್ಸ್ 21–2ರಿಂದ ಗೆದ್ದಿತು. ಆ ಚಾಲಾಕಿತನದ ದೆಸೆಯಿಂದ ನಿಯಮವೇ ಬದಲಾಗಿ, ಗೆರೆಯಾಚೆ ಒದ್ದ ಮೇಲೆ ಸ್ಕ್ರಮ್ ಬದಲು ಟ್ಯಾಪ್‌ನಿಂದ (ಚೆಂಡಿಗೆ ಕಾಲು ತಾಗಿಸಿ ಎತ್ತಿಕೊಳ್ಳುವುದು) ಆಟ ಮುಂದುವರಿಯತೊಡಗಿತು.

ಇಂದಿನ ಸ್ಕ್ರಮ್‌ನಲ್ಲಿ ಹೋರಾಟ ಅಷ್ಟಾಗಿ ಇಲ್ಲ, ಹುಕರ್‌ನ ಬೆಲೆ ಮಾತ್ರ ಇಳಿದಿಲ್ಲ. ಪ್ರತಿ ಪ್ಲೇ-ದ-ಬಾಲ್ ಹಿಂದೆ ಡಮ್ಮಿ ಹಾಫ್ ಆಗಿ ನಿಲ್ಲುವವನು ಅವನೇ. ನೋಡಬೇಕಾದದ್ದು ಎರಡು. ಅವನ ಪಾಸ್ ಓಟಗಾರನ ಎದೆಯ ಮುಂದೆ ಬೀಳುತ್ತದೆಯೋ, ಹಿಂದಿನ ಭುಜಕ್ಕೆ ಬೀಳುತ್ತದೆಯೋ? ಹಿಂದೆ ಬಿದ್ದರೆ ಓಟಗಾರ ನಿಂತು ಹಿಡಿಯಬೇಕು, ಗೆದ್ದ ಅರ್ಧ ಸೆಕೆಂಡ್ ಅಲ್ಲೇ ಹೋಯಿತು. ಎರಡನೆಯದು, ಅವನು 80 ನಿಮಿಷ ಆಡುತ್ತಾನೋ, ಬೆಂಚಿನಿಂದ ಬದಲಿ ಬರುತ್ತಾನೋ? 80 ನಿಮಿಷ ಆಡುವ ಹುಕರ್ ಇದ್ದರೆ ಕೋಚ್‌ಗೆ ಒಂದೆರಡು ಇಂಟರ್‌ಚೇಂಜ್ ಉಳಿತಾಯ, ಆದರೆ ನಡುವಿನ ರಕ್ಷಣೆಯಲ್ಲಿ 40ಕ್ಕೂ ಹೆಚ್ಚು ಟ್ಯಾಕಲ್ ಮಾಡಿದ ಕೈಗಳಿಂದ ಕೊನೆಯ ಪಾಸ್‌ಗಳು ಬರುತ್ತವೆ.

ಕೊನೆಯ ಟ್ಯಾಕಲ್

ಇಷ್ಟಾದ ಮೇಲೆ ದಾಳಿ ನಡೆಸುವ, ಕಿಕ್ ಹೊಡೆಯುವ ಹಾಫ್‌ಬ್ಯಾಕ್‌ಗಳಿಗೆ ಬನ್ನಿ. ಹತ್ತು ಸೆಟ್ ಆರಿಸಿ ಮೂರು ಜಾಗ ಗುರುತಿಸಿ: ಸೆಟ್ ಶುರುವಾದದ್ದು ಎಲ್ಲಿ, ಕಿಕ್ ಹೊಡೆದದ್ದು ಎಲ್ಲಿ, ಎದುರಾಳಿಯ ಸೆಟ್ ಶುರುವಾದದ್ದು ಎಲ್ಲಿ. ಸ್ವಂತ 20 ಮೀಟರ್ ಗೆರೆಯಿಂದ ಹೊರಟು ಎದುರಾಳಿಯನ್ನು ಅವರ 10 ಮೀಟರ್ ಒಳಗೆ ಶುರುಮಾಡಿಸುತ್ತಿರುವ ತಂಡ ಸ್ಕೋರ್‌ಬೋರ್ಡ್‌ನಲ್ಲಿ ಹಿಂದಿದ್ದರೂ ಪಂದ್ಯದ ಹಿಡಿತ ಅದರ ಕೈಯಲ್ಲಿದೆ. ಬರೀ ಉದ್ದದ ಕಿಕ್‌ಗೆ ಮರುಳಾಗಬೇಡಿ. ಬೆನ್ನಟ್ಟುವವರು ಒಂದೇ ಸಾಲಿನಲ್ಲಿ ಬಾರದಿದ್ದರೆ 60 ಮೀಟರ್ ಕಿಕ್ ಎಲ್ಲರ ಹಿಂದೆ ಕಾಯುವ ಎದುರಾಳಿ ಫುಲ್‌ಬ್ಯಾಕ್‌ಗೆ 20 ಮೀಟರ್ ದಾನ.

ಎದುರಾಳಿಯ ಟ್ರೈ ಗೆರೆಯ ಹತ್ತಿರ ಎಣಿಸಬೇಕಾದದ್ದು ಮರುಸೆಟ್‌ಗಳು. ಉರುಳಿಬಿಟ್ಟ ಕಿಕ್ ಹಿಡಿದ ರಕ್ಷಕನನ್ನು ಇನ್-ಗೋಲ್‌ನಲ್ಲೇ (ಟ್ರೈ ಗೆರೆಯ ಹಿಂದಿನ ಜಾಗ) ಕೆಡವಿದರೆ ಅವರು ಗೋಲ್‌ಕಂಬದ ಕೆಳಗಿನಿಂದ ಡ್ರಾಪ್-ಔಟ್ ಕಿಕ್ ಹೊಡೆಯಬೇಕು, ಚೆಂಡು ಮತ್ತೆ ದಾಳಿ ತಂಡಕ್ಕೆ. ಎರಡು ಸಲ ಹೀಗಾದರೆ ರಕ್ಷಕರು ಒಟ್ಟು ಮೂರು ಸೆಟ್, ಹದಿನೆಂಟು ಟ್ಯಾಕಲ್ ಮಾಡಿರುತ್ತಾರೆ. ಮೇಲೆ ಬರೆದ 240 ನಿಮಿಷದ ಲೆಕ್ಕ ಬಿರುಕು ಬಿಡುವುದು ಇಲ್ಲೇ. ಅದೇ ಕಿಕ್ ಸ್ವಲ್ಪ ಜೋರಾಗಿ ಇನ್-ಗೋಲ್ ಕೊನೆಯ ಡೆಡ್-ಬಾಲ್ ಗೆರೆ ದಾಟಿದರೆ ಎದುರಾಳಿಗೆ 20 ಮೀಟರ್‌ನಿಂದ ಟ್ಯಾಪ್, ಅದೂ ಏಳು ಟ್ಯಾಕಲ್‌ನ ಸೆಟ್. ಒಂದು ಹೆಜ್ಜೆಯಷ್ಟು ತಪ್ಪಿಗೆ ಇಷ್ಟು ದಂಡ. ಒದ್ದೆ ಹುಲ್ಲಿನ ಮೇಲೆ ಚೆಂಡು ಜಾರುವುದರಿಂದ ಈ ತಪ್ಪು ಹೆಚ್ಚು. ಗುಡ್ ಫ್ರೈಡೇ ಡರ್ಬಿ ನಡೆಯುವುದು ಮಾರ್ಚ್ ಕೊನೆ ಅಥವಾ ಏಪ್ರಿಲ್‌ನಲ್ಲಿ, ಲ್ಯಾಂಕಾಷೈರ್ ಕಡೆಯ ಮಳೆಗಾಳಿಯಲ್ಲಿ. ಮಳೆ ಖಚಿತವಿದ್ದರೆ ನೆಲದ ಮೇಲೆ ಉರುಳಿಸುವವನಿಗಿಂತ ಎತ್ತರಕ್ಕೆ ಒದೆಯುವ ಹಾಫ್‌ಬ್ಯಾಕ್‌ಗೆ ಒಂದಂಕ ಹೆಚ್ಚು ಕೊಡಿ.

ವಿಂಗರ್‌ಗಳ ಬಗ್ಗೆ ಹೇಳಬೇಕಾದದ್ದು ಕಡಿಮೆ. ಅವರ ಟ್ರೈಗಳಿಗಿಂತ ಸೆಟ್‌ನ ಮೊದಲ ಎರಡು ಓಟ ನೋಡಿ. ಸ್ವಂತ ಗೆರೆಯ ಬಳಿ ಚೆಂಡು ಹಿಡಿದು ಮೂವರ ನಡುವೆ ಹತ್ತು ಮೀಟರ್ ಕಿತ್ತುಕೊಳ್ಳುವ ವಿಂಗರ್ ಪ್ರಾಪ್‌ನ ಕೆಲಸದ ಒಂದು ಪಾಲನ್ನು ಹೊತ್ತಿರುತ್ತಾನೆ. ವಿಂಗರ್ ಪಕ್ಕದಲ್ಲಿ ಆಡುವ ಸೆಂಟರ್‌ಗಳಲ್ಲಿ ನೋಡಬೇಕಾದದ್ದು ಒಂದೇ: ದಾಳಿ ಅಗಲವಾಗಿ ಬಂದಾಗ ಒಳಕ್ಕೆ ನುಗ್ಗುತ್ತಾನೋ, ಹೊರಕ್ಕೆ ಜಾರುತ್ತಾನೋ. ಸೆಂಟರ್ ನುಗ್ಗಿ, ಅವನ ವಿಂಗರ್ ಜಾರಿದರೆ ನಡುವೆ ಬಾಗಿಲು ತೆರೆದಂತೆ.

ತಂಡದ ಪಟ್ಟಿ ಓದುವುದು

ಪಂದ್ಯಕ್ಕೆ ಸುಮಾರು ಎರಡು ದಿನ ಮೊದಲು 21 ಹೆಸರು ಬರುತ್ತವೆ, ಅಂತಿಮ 17 ಗೊತ್ತಾಗುವುದು ಸುಮಾರು ಒಂದು ಗಂಟೆ ಮೊದಲು. 21ರ ಪಟ್ಟಿಯಲ್ಲಿ ಹೆಸರಿದೆ ಎಂದರೆ ಆಡುತ್ತಾನೆ ಎಂದಲ್ಲ; ಎದುರಾಳಿಯನ್ನು ಗೊಂದಲದಲ್ಲಿಡಲು ಗಾಯಾಳುವಿನ ಹೆಸರು ಹಾಕುವುದು ಹಳೆಯ ತಂತ್ರ. ಆದ್ದರಿಂದ ಪಟ್ಟಿಯಲ್ಲಿ ಯಾರಿದ್ದಾರೆ ಎನ್ನುವುದಕ್ಕಿಂತ ಹೋದ ವಾರ ಇದ್ದು ಈಗ ಯಾರಿಲ್ಲ ಎಂಬುದನ್ನು ಮೊದಲು ನೋಡಿ. ಇನ್ನೊಂದು ಎಡವಟ್ಟು ಜೆರ್ಸಿ ಸಂಖ್ಯೆ. ಸೂಪರ್ ಲೀಗ್‌ನಲ್ಲಿ ಸಂಖ್ಯೆ ಇಡೀ ಋತುವಿಗೆ ಒಬ್ಬ ಆಟಗಾರನಿಗೆ ಕೊಟ್ಟದ್ದು. ಆಸ್ಟ್ರೇಲಿಯಾದ ಎನ್‌ಆರ್‌ಎಲ್ ಲೀಗ್‌ನಲ್ಲಿ 7 ಎಂದರೆ ಅಂದಿನ ಹಾಫ್‌ಬ್ಯಾಕ್. ಇಲ್ಲಿ 7 ಧರಿಸಿದವನು ಬೆಂಚಿನಲ್ಲಿ ಕೂತು 21 ಧರಿಸಿದ ಹುಡುಗ ಹಾಫ್‌ಬ್ಯಾಕ್ ಆಗಿರಬಹುದು. ಸಂಖ್ಯೆ ನೋಡಿ ಸ್ಥಾನ ಬರೆದವರ ಇಡೀ ಪಟ್ಟಿ ತಪ್ಪಾಗುತ್ತದೆ.

ಗಾಯದ ಸುದ್ದಿಯನ್ನು ಪೂರ್ತಿ ನಂಬಬೇಡಿ, ಪೂರ್ತಿ ತಳ್ಳಲೂ ಬೇಡಿ. 2002ರ ಚಾಲೆಂಜ್ ಕಪ್ ಫೈನಲ್ ವಾರದಲ್ಲಿ ವಿಗನ್ ಫುಲ್‌ಬ್ಯಾಕ್ ಕ್ರಿಸ್ ರ‍್ಯಾಡ್ಲಿನ್ಸ್ಕಿ ಪಾದದ ಸೋಂಕಿನಿಂದ ಆಸ್ಪತ್ರೆಯಲ್ಲಿದ್ದರು. ಆದರೂ ಎಡಿನ್‌ಬರೋದ ಮರ‍್ರೇಫೀಲ್ಡ್‌ನಲ್ಲಿ ಆಡಿದರು. ವಿಗನ್ 21–12ರಿಂದ ಗೆದ್ದಿತು, ಪಂದ್ಯಶ್ರೇಷ್ಠನಿಗೆ ಕೊಡುವ ಲಾನ್ಸ್ ಟಾಡ್ ಟ್ರೋಫಿ ಅವರಿಗೇ ಬಂತು. ಫುಲ್‌ಬ್ಯಾಕ್ ಅಂಥ ಸ್ಥಿತಿಯಲ್ಲಿ ಪಂದ್ಯ ಮುಗಿಸಬಹುದು. ಪ್ರತಿ ನಿಮಿಷ ಡಿಕ್ಕಿ ಹೊಡೆಯುವ ಪ್ರಾಪ್ ಭುಜದ ಗಾಯದೊಂದಿಗೆ ಮುಗಿಸುವುದು ಕಷ್ಟ. ಆದ್ದರಿಂದ ಗಾಯ ಯಾವುದು ಎನ್ನುವ ಜೊತೆಗೇ ಯಾವ ಸ್ಥಾನದವನಿಗೆ ಎಂದು ಕೇಳಿ. ತಲೆಗೆ ಪೆಟ್ಟಾಗಿ ಪರೀಕ್ಷೆಯಲ್ಲಿ ವಿಫಲನಾದವನ ವಿಷಯದಲ್ಲಿ ಮಾತ್ರ ಚರ್ಚೆ ಬೇಡ. ಮುಂದಿನ ವಾರದ ಪಂದ್ಯಕ್ಕೆ ಅವನನ್ನು ಲೆಕ್ಕದಿಂದ ತೆಗೆದುಬಿಡಿ.

ವಿರಾಮದ ದಿನಗಳನ್ನೂ ಎಣಿಸಿ. ಒಂದು ತಂಡಕ್ಕೆ ಎಂಟು ದಿನ ಬಿಡುವು, ಇನ್ನೊಂದು ಪರ್ಪಿನ್ಯಾನ್‌ನಲ್ಲಿ ಕ್ಯಾಟಲನ್ಸ್ ವಿರುದ್ಧ ಆಡಿ ಫ್ರಾನ್ಸ್‌ನಿಂದ ವಾಪಸಾಗಿ ಐದೇ ದಿನ ಎಂದರೆ ಅದು ಮೊದಲಾರ್ಧದಲ್ಲಿ ಕಾಣುವುದಿಲ್ಲ, 55ನೇ ನಿಮಿಷದ ನಂತರ ಕಾಣುತ್ತದೆ. ಊರುಗಳ ನಡುವೆ ಇರುವುದು ಸುಮಾರು 13 ಕಿಲೋಮೀಟರ್. ಹಾಗಾಗಿ ಡರ್ಬಿಗೇ ಪ್ರಯಾಣದ ಆಯಾಸ ಎಂಬ ಮಾತಿಲ್ಲ. ವಿಗನ್ ಮೈದಾನವನ್ನು ಫುಟ್‌ಬಾಲ್ ಕ್ಲಬ್ ಕೂಡ ಬಳಸುವುದರಿಂದ ವಸಂತದ ಹೊತ್ತಿಗೆ ಹುಲ್ಲು ಎಷ್ಟು ಸವೆದಿದೆ ಎಂದು ಹಿಂದಿನ ಪಂದ್ಯದ ಚಿತ್ರದಲ್ಲಿ ನೋಡಿಕೊಳ್ಳಿ.

ಕೆಂಪು ಕಾರ್ಡ್ ಮತ್ತು ಹಳೆಯ ಸ್ಕೋರ್‌ಗಳು

ಡರ್ಬಿಯಲ್ಲಿ ರಕ್ತ ಬಿಸಿಯಾಗುತ್ತದೆ, ಶಿಸ್ತನ್ನು ಲೆಕ್ಕಕ್ಕೆ ಸೇರಿಸದೆ ಆಗುವುದಿಲ್ಲ. 2014ರ ಗ್ರ್ಯಾಂಡ್ ಫೈನಲ್‌ನ (ಸೂಪರ್ ಲೀಗ್ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಪಂದ್ಯ) ಎರಡನೇ ನಿಮಿಷದಲ್ಲೇ ವಿಗನ್ ಪ್ರಾಪ್ ಬೆನ್ ಫ್ಲವರ್, ಲಾನ್ಸ್ ಹೊಹಾಯಾಗೆ ಗುದ್ದಿ ಹೊರಬಿದ್ದರು. ಹನ್ನೆರಡೇ ಜನ ಇದ್ದೂ ವಿಗನ್ ವಿರಾಮಕ್ಕೆ 6–2ರಿಂದ ಮುಂದಿತ್ತು. ದ್ವಿತೀಯಾರ್ಧದಲ್ಲಿ ಒಂದು ಪಾಯಿಂಟೂ ಬರಲಿಲ್ಲ, ಸೇಂಟ್ಸ್ 14–6ರಿಂದ ಗೆದ್ದಿತು. ಹೋದವನು ಪ್ರಾಪ್ ಎಂಬುದನ್ನು ಗಮನಿಸಿ: 240 ನಿಮಿಷದ ಹೊರೆಯಲ್ಲಿ ಅವನ ಪಾಲು ಉಳಿದವರ ಬೆನ್ನೇರಿತು, ಅದರ ಬಿಲ್ಲು ಬಂದದ್ದು ವಿರಾಮದ ನಂತರ. ಹತ್ತು ನಿಮಿಷ ಹೊರಗೆ ಕೂರಿಸುವ ಸಿನ್ ಬಿನ್ ಶಿಕ್ಷೆ ಕೂಡ ಹಾಗೇ. ಆ ಹತ್ತು ನಿಮಿಷದಲ್ಲಿ ಟ್ರೈ ಆಗಲಿಲ್ಲ ಎಂದು ನಿಟ್ಟುಸಿರು ಬಿಡಬೇಡಿ, ಮುಂದಿನ ಇಪ್ಪತ್ತು ನಿಮಿಷ ನೋಡಿ.

ಹಳೆಯ ಸ್ಕೋರ್‌ಗಳನ್ನು ವಾದಕ್ಕೆ ತರುವವರು ತಪ್ಪದೆ ಎತ್ತುವುದು 2005ರ ಚಾಲೆಂಜ್ ಕಪ್ ಕ್ವಾರ್ಟರ್ ಫೈನಲ್: ಸೇಂಟ್ಸ್ 75, ವಿಗನ್ 0. ವಿಗನ್ ಕಡೆಯವರು 1989ರ ವೆಂಬ್ಲಿ ಫೈನಲ್‌ನ 27–0 ತೆಗೆಯುತ್ತಾರೆ. ಎರಡೂ ಮುಂಬರುವ ಪಂದ್ಯದ ಬಗ್ಗೆ ಏನೂ ಹೇಳುವುದಿಲ್ಲ, ಆ ಆಟಗಾರರು ಯಾರೂ ಈಗ ಈ ತಂಡಗಳಲ್ಲಿ ಆಡುತ್ತಿಲ್ಲ. ಏನಾದರೂ ಹೇಳುವುದಿದ್ದರೆ ಈ ಎರಡು ತಂಡಗಳ ನಡುವಿನ ಗ್ರ್ಯಾಂಡ್ ಫೈನಲ್‌ಗಳು ಹೇಳುತ್ತವೆ: 2000ದಲ್ಲಿ ಸೇಂಟ್ಸ್ 29–16, 2010ರಲ್ಲಿ ವಿಗನ್ 22–10, 2014ರಲ್ಲಿ ಸೇಂಟ್ಸ್ 14–6, 2020ರಲ್ಲಿ ಸೇಂಟ್ಸ್ 8–4. ಒಟ್ಟು ಪಾಯಿಂಟ್ 45, 32, 20, 12. ಪಣ ದೊಡ್ಡದಿದ್ದಾಗ ಈ ಎರಡು ತಂಡ ಒಂದಕ್ಕೊಂದು ಬಾಗಿಲು ತೆರೆಯುವುದಿಲ್ಲ. 40–30 ಎಂಬಂಥ ಊಹೆ ಬರೆಯುವ ಮುನ್ನ ಇದನ್ನು ನೆನೆಯಿರಿ.

ಊಹೆ ಬರೆಯುವಾಗ

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ ಆಗಬಾರದೆಂದರೆ ಊಹೆಯ ಜೊತೆ ಷರತ್ತನ್ನೂ ಬರೆಯಿರಿ. "ವಿಗನ್ 18–12" ಎಂದಷ್ಟೇ ಬರೆದರೆ ವಾದಕ್ಕೆ ಹಿಡಿಯೇ ಇಲ್ಲ. "ಬೆಂಚಿನಲ್ಲಿ ಮೂವರು ಫಾರ್ವರ್ಡ್ ಇದ್ದರೆ ವಿಗನ್ 18–12; ಇಬ್ಬರೇ ಇದ್ದರೆ ಸೇಂಟ್ಸ್ ಆರರಿಂದ" ಎಂದರೆ ಎದುರು ಕೂತವರಿಗೂ ಹಿಡಿದು ಮಾತಾಡಲು ಏನೋ ಸಿಗುತ್ತದೆ, ಅಂತಿಮ 17 ಬಂದ ಕೂಡಲೇ ನಿಮ್ಮ ಲೆಕ್ಕ ತಾನೇ ತಿರುಗುತ್ತದೆ. ಟ್ರೈ ಸಂಖ್ಯೆಯಿಂದ ಸ್ಕೋರ್ ಕಟ್ಟಿ: ಮೂರು ಟ್ರೈ ಎಂದರೆ 12, ಕನ್ವರ್ಷನ್ ಎಷ್ಟು ಎಂಬುದು ಟ್ರೈ ಎಲ್ಲಿ ಬೀಳುತ್ತದೆ ಎಂಬುದರ ಮೇಲೆ. ಮೂರೂ ಮೂಲೆಯಲ್ಲಿ ಬೀಳುತ್ತವೆ ಎಂದು ನೀವೇ ಹೇಳುತ್ತಿದ್ದರೆ ಆರು ಪಾಯಿಂಟ್ ಪೂರ್ತಿ ಸೇರಿಸಬೇಡಿ.

ಕೊನೆಗೆ, 78ನೇ ನಿಮಿಷದಲ್ಲಿ ಸ್ಕೋರ್ ಸಮ ಇದ್ದರೆ ಏನು ಎಂದು ಒಂದು ಸಾಲು ಬರೆದಿಡಿ. ಡ್ರಾಪ್ ಗೋಲ್ ಹೊಡೆಯುವವನು ಯಾರು, ಅವನಿಗೆ ಜಾಗ ಮಾಡಿಕೊಡುವ ಹುಕರ್ ಆಗ ಮೈದಾನದಲ್ಲಿ ಇರುತ್ತಾನೋ ಎಂದು ಎಲ್ಲರೂ ಕೇಳುತ್ತಾರೆ. ಚೆಂಡಿನ ಹಿಂದೆ ಓಡುವವನು ಯಾರು ಎಂದು ಕೇಳುವವರು ಕಡಿಮೆ. 2020ರ ನವೆಂಬರ್ 27ರ ಗ್ರ್ಯಾಂಡ್ ಫೈನಲ್‌ನಲ್ಲಿ, ಹಲ್ ನಗರದ ಪ್ರೇಕ್ಷಕರಿಲ್ಲದ ಮೈದಾನದಲ್ಲಿ ಸ್ಕೋರ್ 4–4 ಇತ್ತು, ಸಮಯ ಮುಗಿದಿತ್ತು. ಸೇಂಟ್ಸ್‌ನ ಟಾಮಿ ಮೇಕಿನ್ಸನ್ ಹೊಡೆದ ಡ್ರಾಪ್ ಗೋಲ್ ಕಂಬಕ್ಕೆ ಬಡಿದು ಇನ್-ಗೋಲ್‌ಗೆ ಬಿತ್ತು. ಪುಟಿದ ಚೆಂಡು ವಿಗನ್‌ನ ಬೆವನ್ ಫ್ರೆಂಚ್ ಕೈಗೆ ಸಿಗುವ ಮೊದಲೇ, ಕಿಕ್ ತಪ್ಪಬಹುದೆಂದು ಓಡಿ ಬಂದಿದ್ದ ಸೇಂಟ್ಸ್‌ನ 19 ವರ್ಷದ ಜ್ಯಾಕ್ ವೆಲ್ಸ್‌ಬಿ ಅದರ ಮೇಲೆ ಬಿದ್ದಿದ್ದರು.